ಗವಾಕ್ಷಿಯಲ್ಲಿ ಸಾಹೇಬರು

ಗಡ್ಡಕ್ಕೆ ನೊರೆ ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದ ಠಾಣೆಯ ಸಾಹೇಬರಿಗೆ ಆ ಬೆಳಿಗ್ಗೆ ತಮ್ಮ ಮುಖ ಎಲ್ಲೋ ನೋಡಿದ ಮುಖದ ಹಾಗೆ, ಯಾವುದೋ ಕೇಸಿನಲ್ಲಿ ಬೇಕಾಗಿದ್ದು ಇನ್ನೂ ಕೈಗೆ ಸಿಗದವನ ಮುಖದ ಹಾಗೆ ಕಂಡಿತು. ಬ್ಲೇಡನ್ನು ಕೆನ್ನೆಯ ಮೇಲಿಟ್ಟುಕೊಂಡು ಸುಮ್ಮನೆ ನಿಂತರು. ಕನ್ನಡಿಯೊಳಗೆ ಅವರ ಭುಜದ ಹಿಂದೆ ಗೋಡೆಯ ಕಪಾಟು ಕಾಣುತ್ತಿತ್ತು. ಕಪಾಟಿನ ಮೇಲೆ ಧೂಳಿನ ನಡುವೆ ಒಂದು ಗುಂಡಗಿನ ಶುಭ್ರವಾದ ಜಾಗ. ಅಲ್ಲಿ ಹೆಂಡತಿಯ ಬೆಳ್ಳಿ ಹೂಜಿ ಇರುತ್ತಿತ್ತು. ಇಷ್ಟು ವರ್ಷದ ನೌಕರಿಯಲ್ಲಿ ಎಷ್ಟೋ ಮನೆಗಳಿಗೆ ಹೋಗಿ, ಸಾಮಾನು ಕಳುವಾದ ಜಾಗವನ್ನು ನೋಡಿ, ‘ಹೂಂ, ಇಲ್ಲಿತ್ತು’ ಎಂದು ಗಂಭೀರವಾಗಿ ತಲೆಯಾಡಿಸಿ ಬಂದವರು ಅವರು. ತಮ್ಮ ಮನೆಯ ಈ ಜಾಗವನ್ನು ಮಾತ್ರ ಕನ್ನಡಿಯಲ್ಲಿ ಕದ್ದು ನೋಡಬೇಕಾಗಿತ್ತು. ಧೂಳು ಬೇಗ ಕೂತು ಆ ಗುಂಡು ಮುಚ್ಚಿಹೋದರೆ ಸಾಕೆನಿಸಿತು. ಹೆಂಡತಿ ಇದ್ದಾಗ ಈ ಮನೆಯಲ್ಲಿ ಧೂಳಿಗೆ ಕೂರುವಷ್ಟು ಪುರುಸೊತ್ತು ಸಿಗುತ್ತಿರಲಿಲ್ಲ.

“ಅಪ್ಪಾ, ಅಮ್ಮನ ಹೂಜಿ ಎಲ್ಲಿ?” ಮಗಳು ಬಾಗಿಲಲ್ಲಿ ನಿಂತು ಕೇಳಿದಳು.

“ಹೊಳಪು ಹಾಕಿಸೋಕೆ ಕೊಟ್ಟಿದೀನಿ ಕಣಮ್ಮ. ಕಪ್ಪಾಗಿತ್ತು.”

“ಯಾವಾಗ ಬರತ್ತೆ?”

“ವಿಚಾರಣೆ ಮುಗಿದ ಮೇಲೆ.”

ಬಾಯಿಂದ ಜಾರಿದ ಮಾತನ್ನು ಅವರು ನೊರೆಯ ಜೊತೆಗೆ ತೊಳೆದುಕೊಳ್ಳಲು ನೋಡಿದರು. ಮಗಳು ಬಿಡುವವಳಲ್ಲ, ತಾಯಿಯ ಕಡೆಯವಳು. “ಹೂಜಿಗೆ ಏನಪ್ಪಾ ವಿಚಾರಣೆ?” ಎಂದಳು. “ಅಲ್ಲಮ್ಮಾ, ಆ ಅಕ್ಕಸಾಲಿಗೆ ಒಂದು ವಿಚಾರಣೆ ಇದೆ, ಅದಾದ ಮೇಲೆ ಅಂದೆ,” ಎಂದು ಏನೂ ಅರಿಯದ ಅಕ್ಕಸಾಲಿಯನ್ನು ಒಂದು ಗಳಿಗೆಯಲ್ಲಿ ಆರೋಪಿ ಮಾಡಿ ಸಾಹೇಬರು ಬಚ್ಚಲಿಗೆ ಹೋದರು. ಸುಳ್ಳು ಹೇಳುವವರ ಕಿವಿ ಕೆಂಪಾಗುತ್ತದೆಂದು ಹೊಸದಾಗಿ ಸೇರಿದ ಪೇದೆಗಳಿಗೆ ಅವರೇ ಪಾಠ ಹೇಳುತ್ತಿದ್ದರು. ನೀರು ಸುರಿದುಕೊಳ್ಳುವಾಗ ಎರಡೂ ಕಿವಿ ಮುಟ್ಟಿ ನೋಡಿಕೊಂಡರು. ಬಿಸಿಯಾಗಿದ್ದವು. ಬಿಸಿನೀರು ತಾನೇ, ಎಂದು ಸಮಾಧಾನ ಮಾಡಿಕೊಂಡರು.

ಕಥೆಯೆಲ್ಲ ಟೀಚರಮ್ಮನ ಹೂಜಿಯಿಂದ ಶುರುವಾದದ್ದು. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿ ನಿವೃತ್ತರಾಗಿದ್ದ ಟೀಚರಮ್ಮ ಅಕ್ಕನ ಮನೆಗೆ ಹೋಗಿ ಬರುವಷ್ಟರಲ್ಲಿ ಅವರ ಬೆಳ್ಳಿ ಹೂಜಿ ಮಾಯವಾಗಿತ್ತು. ಗಂಡ ಬದುಕಿದ್ದಾಗ ಕೊಡಿಸಿದ್ದು. ಮನೆಯ ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು, ಚಿಲಕ ಜಗ್ಗಿರಲಿಲ್ಲ, ಬೇರೆ ಒಂದು ಚಮಚವೂ ಹೋಗಿರಲಿಲ್ಲ. ಬೇರೆ ಯಾರ ಮನೆಯದಾಗಿದ್ದರೂ ಆ ದೂರು ಠಾಣೆಯ ಮೂಲೆಯಲ್ಲಿ ಸದ್ದಿಲ್ಲದೆ ಮಲಗಿಕೊಳ್ಳುತ್ತಿತ್ತು. ಆದರೆ ಟೀಚರಮ್ಮ ಸಾಹೇಬರ ಮೇಲಧಿಕಾರಿಗೆ ಸ್ವಂತ ಚಿಕ್ಕಮ್ಮ. ವಯಸ್ಸಿನಲ್ಲಿ ಸಾಹೇಬರಿಗಿಂತ ಬಹಳ ಚಿಕ್ಕವನಾದ ಆ ಅಧಿಕಾರಿ ಫೋನಿನಲ್ಲಿ, “ನಮ್ಮ ಚಿಕ್ಕಮ್ಮನ ಹೂಜಿ ಹುಡುಕೋಕಾಗದವರು ಊರು ಏನ್ರೀ ಕಾಯ್ತೀರ? ಸಿಗದಿದ್ರೆ ಹೇಳಿ, ಗಡಿಯಲ್ಲೊಂದು ಠಾಣೆ ಖಾಲಿ ಇದೆ,” ಎಂದಿದ್ದ. ವರ್ಗಾವಣೆಗೆ ಸಾಹೇಬರು ಎಂದೂ ಹೆದರಿದವರಲ್ಲ. ಆದರೆ ಈಗ ಹೆಂಡತಿ ಬಾಳಿ ತೀರಿಕೊಂಡ ಮನೆಯನ್ನು ಬಿಟ್ಟು ಹೋಗುವುದು ಅವರ ಕೈಲಾಗುತ್ತಿರಲಿಲ್ಲ. ಅವಳು ಒರಗುತ್ತಿದ್ದ ಗೋಡೆಯಲ್ಲಿ ತಲೆಯೆಣ್ಣೆಯ ಕಲೆ ಇನ್ನೂ ಇತ್ತು. ಗೋಡೆಯನ್ನು ಲಾರಿಯಲ್ಲಿ ಹೇರಿಕೊಂಡು ಹೋಗುವುದು ಹೇಗೆ? ಅದಕ್ಕೇ ಅವರು ಆ ಕೆಲಸ ಮಾಡಿದರು. ಒಂದೇ ಅಕ್ಕಸಾಲಿ, ಒಂದೇ ಅಚ್ಚು, ಊರಿನ ಬೆಳ್ಳಿ ಹೂಜಿಗಳೆಲ್ಲ ಅಕ್ಕತಂಗಿಯರ ಹಾಗೆ. ಕತ್ತಿನ ಸುತ್ತ ಅದೇ ಬಳ್ಳಿ. ಹೆಂಡತಿಯ ಹೂಜಿಯನ್ನು ಟವೆಲಿನಲ್ಲಿ ಸುತ್ತಿ ಠಾಣೆಗೆ ತಂದು, ‘ಆರೋಪಿಯಿಂದ ವಶಪಡಿಸಿಕೊಳ್ಳಲಾಗಿದೆ’ ಎಂದು ಬರೆಸಿದರು. ಅವಳನ್ನು ಬಿಟ್ಟಿರಲಾರದೆ ಅವಳದನ್ನೇ ಬಿಟ್ಟುಕೊಟ್ಟ ಈ ಬುದ್ಧಿವಂತಿಕೆ ಎಂಥದೆಂದು ಆ ದಿನ ಅವರಿಗೆ ಹೊಳೆದಿರಲೇ ಇಲ್ಲ. ಹೂಜಿಯನ್ನು ಗುರುತಿಸಲು ಟೀಚರಮ್ಮ ಬಂದರು, ಎರಡೂ ಕೈಯಲ್ಲಿ ಅದನ್ನು ಎತ್ತಿಕೊಂಡು ಎದೆಗೊತ್ತಿ, “ಇದೇ, ಇದೇ ನಮ್ಮನೆಯವರು ಕೊಡಿಸಿದ್ದು,” ಎಂದು ಅತ್ತುಬಿಟ್ಟರು. ಆ ಅಳುವಿನಲ್ಲಿ ಸುಳ್ಳಿರಲಿಲ್ಲ, ಸುಳ್ಳಿದ್ದದ್ದು ಹೂಜಿಯಲ್ಲಿ. ಸಾಹೇಬರು ಕಿಟಕಿಯ ಕಡೆ ತಿರುಗಿಕೊಂಡರು. ಅವರ ಹೊಟ್ಟೆಯಲ್ಲಿ ಎದ್ದದ್ದು ಪಶ್ಚಾತ್ತಾಪವಲ್ಲ, ಹೊಟ್ಟೆಕಿಚ್ಚು. ನನ್ನ ಹೂಜಿಯನ್ನು ಇಟ್ಟುಕೊಂಡು ಇವರು ಅಳುತ್ತಿದ್ದಾರೆ, ನಾನು ಯಾವುದನ್ನು ಇಟ್ಟುಕೊಂಡು ಅಳಲಿ?

ಇನ್ನು ಕಳ್ಳ. ಆ ಊರಿನ ಠಾಣೆಗೆ ಕಳ್ಳನ ಕೊರತೆ ಇರಲಿಲ್ಲ, ಏಕೆಂದರೆ ಒಬ್ಬನೇ ಎಲ್ಲದಕ್ಕೂ ಸಾಕಾಗುತ್ತಿದ್ದ. ಬೆಕ್ಕು ಎಂದು ಅವನ ಹೆಸರು; ಹರೆಯದಲ್ಲಿ ಹೆಂಚಿನ ಮೇಲೆ ಸದ್ದಿಲ್ಲದೆ ನಡೆಯುತ್ತಿದ್ದನಂತೆ. ಈಗ ಅವನಿಗೆ ಮಂಡಿನೋವು, ಉಬ್ಬಸ, ಎರಡು ಕೈಯಲ್ಲೂ ತಬ್ಬಲಾಗದ ಹೊಟ್ಟೆ. ಕಳ್ಳತನ ಬಿಟ್ಟು ಎಷ್ಟೋ ಕಾಲವಾಗಿತ್ತು, ಒಪ್ಪಿಕೊಳ್ಳುವುದನ್ನು ಮಾತ್ರ ಬಿಟ್ಟಿರಲಿಲ್ಲ. ಪತ್ತೆಯಾಗದ ಕೇಸೊಂದು ಬಹಳ ದಿನ ಕೊಳೆತರೆ ದಫೇದಾರರು ಅವನಿಗೆ ಹೇಳಿಕಳಿಸುತ್ತಿದ್ದರು. ಅವನು ಬಂದು ಬೆಂಚಿನ ಮೇಲೆ ಕೂತು ಕೇಸನ್ನು ಕೇಳಿ, ಅಂಗಡಿಯಲ್ಲಿ ಬಟ್ಟೆ ಆರಿಸುವವರ ಹಾಗೆ ಯೋಚಿಸಿ, “ಕೋಳಿ ಕೇಸು ಬೇಡ ಸಾಹೇಬ್ರೇ, ನಮ್ಮ ಮರ್ಯಾದೆಗೆ ಕಮ್ಮಿ. ಆ ರೇಡಿಯೋದು ಕೊಡಿ,” ಎನ್ನುತ್ತಿದ್ದ. ಕೆಲವು ವಾರ ಒಳಗಿದ್ದು, ಹೊತ್ತುಹೊತ್ತಿಗೆ ಉಂಡು, ಮಂಡಿಗೆ ಸರಕಾರದ ಎಣ್ಣೆ ತಿಕ್ಕಿಸಿಕೊಂಡು ಹೊರಬರುತ್ತಿದ್ದ. ಇದು ಸರಿಯಲ್ಲವೆಂದು ಸಾಹೇಬರಿಗೆ ಗೊತ್ತಿತ್ತು. ಹಿಂದಿನ ಸಾಹೇಬರಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿದ್ದದ್ದು ಮೆಲ್ಲಗೆ ಪದ್ಧತಿಯಾಗಿತ್ತು.

ಆ ಬೆಳಿಗ್ಗೆ ಸಾಹೇಬರು ಠಾಣೆಗೆ ಬಂದಾಗ ಬೆಕ್ಕು ಲಾಕಪ್ಪಿನ ತೆರೆದ ಬಾಗಿಲಲ್ಲಿ ಕಾಲು ಚಾಚಿ ಕೂತು ತಿಂಡಿ ತಿನ್ನುತ್ತಿದ್ದ.

“ಸಾಹೇಬ್ರೇ, ತಿಂಡಿಗೆ ಉಪ್ಪು ಜಾಸ್ತಿ ಆಗಿದೆ. ಮೇಲಿನ ಸಾಹೇಬ್ರು ಬರ್ತಾರೆ ಅಂತ ಎಲ್ರಿಗೂ ಕೈ ನಡುಗ್ತಾ ಇದೆ,” ಎಂದ.

“ನಿನಗೆ ನಡುಗ್ತಿಲ್ವೇನೋ?”

“ನನಗ್ಯಾಕೆ? ನಾನು ಒಪ್ಕೊಂಡಾಗಿದೆ. ಮಿಕ್ಕಿದ್ದು ನಿಮಗೆ ಬಿಟ್ಟಿದ್ದು. ಮಾವಿನ ಕಾಲಕ್ಕೆ ಹೊರಗೆ ಬಂದ್ಬಿಡ್ತೀನಲ್ಲ?”

ಸಾಹೇಬರು ಟೋಪಿ ತೆಗೆದು ಮೇಜಿನ ಮೇಲಿಟ್ಟು, ಮತ್ತೆ ಹಾಕಿಕೊಂಡರು. ಮೇಲಧಿಕಾರಿ ಹಿಂದಿನ ದಿನವೇ ಹೇಳಿದ್ದ: ಬೀಗ ಹಾಕಿದ ಮನೆ, ಹಳೇ ಕಳ್ಳ, ಮಾಡಿದ್ದನ್ನೇ ಮಾಡುತ್ತಿದ್ದಾನೆ, ಅತಿ ಕಠಿಣ ಶಿಕ್ಷೆ ಕೇಳೋಣ, ಇವನು ಇನ್ನು ಹೊರಗೆ ಬರುವಾಗ ನಾಲ್ಕು ಜನ ಹೊತ್ತುಕೊಂಡು ಬರಬೇಕು. ಇದನ್ನು ಬೆಕ್ಕಿಗೆ ಹೇಳಬೇಕೆಂದು ಸಾಹೇಬರು ಎಷ್ಟು ಸಲ ಬಾಯಿ ತೆರೆದರೂ ಪ್ರತಿ ಸಲವೂ ಬೇರೆ ಏನೋ ಹೊರಗೆ ಬರುತ್ತಿತ್ತು. ಈಗಲೂ, “ಉಪ್ಪು ಜಾಸ್ತಿಯಿದ್ರೆ ನೀರು ಕುಡಿ,” ಎಂಬುದಷ್ಟೇ ಬಂತು.

ಮೇಲಧಿಕಾರಿಗೆ ಹೊಸದೊಂದು ಹುಚ್ಚು ಹತ್ತಿತ್ತು. ಕಳ್ಳ ಹೇಗೆ ಕದ್ದ ಎಂಬುದನ್ನು ಅವನ ಕೈಯಿಂದಲೇ ಮತ್ತೊಮ್ಮೆ ಮಾಡಿಸಿ, ಮೊಬೈಲಿನಲ್ಲಿ ವಿಡಿಯೋ ತೆಗೆಸಿ, ದೊಡ್ಡ ಸಭೆಯಲ್ಲಿ ತೋರಿಸಬೇಕು. ಹೀಗಾಗಿ ಎಲ್ಲರೂ ಟೀಚರಮ್ಮನ ಹಿತ್ತಿಲಿಗೆ ಬಂದು ಸೇರಿದರು. ಸಾಕ್ಷಿಯ ಹೂಜಿಯನ್ನು ಒಂದು ಕುರ್ಚಿಯ ಮೇಲೆ ಬಿಳಿ ಬಟ್ಟೆ ಹಾಸಿ ಕೂರಿಸಿದ್ದರು, ಅತಿಥಿಯನ್ನು ಕೂರಿಸಿದ ಹಾಗೆ. ಸಾಹೇಬರು ಅದರ ಕಡೆ ನೋಡಲಿಲ್ಲ. ಹಿತ್ತಿಲ ಗೋಡೆಯಲ್ಲಿ, ಆಳೆತ್ತರಕ್ಕಿಂತ ಮೇಲೆ, ಸಾಮಾನಿನ ಕೋಣೆಯ ಗವಾಕ್ಷಿ ಇತ್ತು. ಅದರ ಸರಳು ಯಾವುದೋ ಕಾಲದಲ್ಲೇ ತುಕ್ಕು ಹಿಡಿದು ಉದುರಿಹೋಗಿತ್ತು. ಕಳ್ಳ ಎಲ್ಲಿಂದ ಬಂದ ಎಂಬ ಜಾಗಕ್ಕೆ ಏನು ಬರೆಯುವುದೆಂದು ತಿಳಿಯದೆ ದಫೇದಾರರು ಅಲ್ಲಿ, ‘ಆರೋಪಿಯು ಗವಾಕ್ಷಿಯ ಮೂಲಕ ಬೆಕ್ಕಿನಂತೆ ಒಳನುಸುಳಿ’ ಎಂದು ಬರೆದಿದ್ದರು. ಬರೆದಾಗ ಆ ವಾಕ್ಯ ಬಹಳ ಚೆನ್ನಾಗಿದೆ ಎಂದು ಠಾಣೆಯಲ್ಲಿ ಎಲ್ಲರೂ ಹೊಗಳಿದ್ದರು.

ಬೆಕ್ಕು ಏಣಿ ಹತ್ತಿದ. ತಲೆ ಗವಾಕ್ಷಿಯೊಳಗೆ ಹೋಯಿತು. ಒಂದು ಭುಜ ಹೋಯಿತು. ಅಲ್ಲಿಗೆ ಕಳ್ಳತನ ನಿಂತುಹೋಯಿತು. ಕೆಳಗಿಳಿದು ಬಂದು ಅಂಗಿ ಒದರಿಕೊಂಡ.

“ಹೋಗೋಕಾಗ್ತಿಲ್ಲ ಸಾರ್. ಕದ್ದಾಗ ನಾನು ಸಣ್ಣಗಿದ್ದೆ.”

“ಕದ್ದಿದ್ದು ಹೋದ ತಿಂಗಳು ಕಣೋ,” ಎಂದ ಮೇಲಧಿಕಾರಿ.

“ಹೌದು ಸಾರ್. ಆಮೇಲೆ ಠಾಣೇಲಿ ತುಂಬಾ ಚೆನ್ನಾಗಿ ನೋಡ್ಕೊಂಡ್ರು.”

ಬೇಲಿಯಾಚೆ ಸೇರಿದ್ದ ಅಕ್ಕಪಕ್ಕದವರು ಕಿಸಕ್ಕೆಂದರು. ಮೇಲಧಿಕಾರಿ ನಿಧಾನವಾಗಿ ಸಾಹೇಬರ ಕಡೆ ತಿರುಗಿದ. “ಈ ತೂತಲ್ಲಿ ಮನುಷ್ಯ ಹೋಗೋದೇ ಸಾಧ್ಯ ಇಲ್ಲ ಅನ್ಸತ್ತಲ್ರೀ? ಹಾಗಾದ್ರೆ ಏನು ಬರ್ಕೊಂಡಿದೀರ ನೀವೆಲ್ಲ?”

“ಸಾಧ್ಯ ಇದೆ ಸರ್.”

“ಯಾರಿಗೆ?”

ಸಾಹೇಬರು ಸುತ್ತ ನೋಡಿದರು. ದಫೇದಾರರು ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಆಕಾಶ ನೋಡುತ್ತಿದ್ದರು. ಪೇದೆಯ ಕೈಯಲ್ಲಿ ಮೊಬೈಲು. ಹೆಂಡತಿ ಹೋದಮೇಲೆ ಸಾಹೇಬರು ಸೊರಗಿ ಕಡ್ಡಿಯಾಗಿದ್ದರು. “ಸಾಹೇಬ್ರು ಆರಾಮಾಗಿ ಹೋಗ್ತಾರೆ ಸಾರ್,” ಎಂದು ಬೆಕ್ಕು ಅಭಿಮಾನದಿಂದ ಹೇಳಿದ, “ನಮ್ಮ ಸಾಹೇಬ್ರ ಮೈಕಟ್ಟು ನಮ್ಮ ಕಸುಬಿಗೆ ಹೇಳಿ ಮಾಡಿಸಿದ ಹಾಗಿದೆ.” ದುಃಖದಿಂದ ಇಳಿದ ಮೈ ಇಂಥದೊಂದು ಉಪಯೋಗಕ್ಕೆ ಬರುವುದೆಂದು ಯಾರು ಎಣಿಸಿದ್ದರು? ಸಾಹೇಬರು ಟೋಪಿಯನ್ನು ದಫೇದಾರರಿಗೆ ಕೊಟ್ಟರು. ಬಕಲ್ ಸಿಕ್ಕಿಕೊಳ್ಳುತ್ತದೆಂದು ಬೆಕ್ಕು ಹೇಳಿದ ಮೇಲೆ ಬೆಲ್ಟನ್ನೂ ಬಿಚ್ಚಿಕೊಟ್ಟರು. ಏಣಿ ಹತ್ತಿ, ಎರಡೂ ಕೈಯನ್ನು ಮುಂದೆ ಚಾಚಿ, ನೀರಿಗೆ ಧುಮುಕುವವರ ಹಾಗೆ ಗವಾಕ್ಷಿಯೊಳಗೆ ಮೈ ತೂರಿಸಿದರು. ತಲೆ ಹೋಯಿತು, ಭುಜ ಹೋಯಿತು, ಎದೆ ಹೋಯಿತು. ಆಮೇಲೆ ಸೊಂಟದ ಮೂಳೆಗೆ ಏನೋ ಗಟ್ಟಿಯಾಗಿ ಒತ್ತಿತು. ಮುಂದೆ ಹೋಗಲು ನೋಡಿದರು, ಆಗಲಿಲ್ಲ. ಹಿಂದೆ ಬರಲು ನೋಡಿದರು, ಅಂಗಿ ಮುದುಡಿ ಕಂಕುಳಲ್ಲಿ ಬೆಣೆಯ ಹಾಗೆ ಕೂತಿತು. ಅರ್ಧ ಸಾಹೇಬರು ಟೀಚರಮ್ಮನ ಸಾಮಾನಿನ ಕೋಣೆಯಲ್ಲೂ ಇನ್ನರ್ಧ ಸಾಹೇಬರು ಊರ ಕಣ್ಣೆದುರಿನಲ್ಲೂ ಉಳಿದರು.

ಒಳಗೆ ತಂಪಾಗಿತ್ತು, ಮಬ್ಬಾಗಿತ್ತು. ಹೊರಗಿನ ಮಾತು ನೀರಿನಡಿಯಿಂದ ಬಂದಂತೆ ಕೇಳುತ್ತಿತ್ತು. “ಎಳೀರಿ.” “ಎಳೀಬೇಡಿ, ತಳ್ಳಿ.” “ಸೋಪು ಹಚ್ಚಿದ್ರೆ?” ಯಾರೋ ಅವರ ಬೂಟು ಬಿಚ್ಚಿದರು. ಏಕೆ ಬಿಚ್ಚಿದರೋ ದೇವರಿಗೇ ಗೊತ್ತು. ಕಾಲುಚೀಲದ ಹೆಬ್ಬೆರಳಲ್ಲಿ ತೂತಿದೆ ಎಂಬುದು ಸಾಹೇಬರಿಗೆ ತಕ್ಷಣ ನೆನಪಾಯಿತು. ಮೊದಲಾಗಿದ್ದರೆ ಆ ತೂತು ಒಂದು ದಿನವೂ ಬಾಳುತ್ತಿರಲಿಲ್ಲ, ಹೆಂಡತಿಯ ಸೂಜಿ ಸಿದ್ಧವಾಗಿರುತ್ತಿತ್ತು. ಅವರಿಗೆ ನಾಚಿಕೆಯಾಯಿತು, ಆದರೆ ಅದು ತಮ್ಮ ಕಾಲುಗಳಿಗೆ ಆಗುತ್ತಿರುವ ನಾಚಿಕೆ, ಇಲ್ಲಿರುವ ತಲೆಗೆ ಅಷ್ಟಾಗಿ ಸಂಬಂಧಪಡದ್ದು ಎನ್ನಿಸಿತು. ಎಷ್ಟೋ ತಿಂಗಳ ಮೇಲೆ ಅವರು ಹೀಗೆ ಒಂಟಿಯಾಗಿ, ಯಾರ ಮುಖವನ್ನೂ ನೋಡದೆ, ಯಾರಿಗೂ ಮುಖ ತೋರಿಸದೆ ಇದ್ದರು. ಕಣ್ಣು ಮಬ್ಬಿಗೆ ಹೊಂದಿಕೊಂಡಿತು. ಹಳೇ ಟ್ರಂಕು, ಮಡಚಿದ ಚಾಪೆ, ಖಾಲಿ ಡಬ್ಬಿಗಳು, ಶಾಲೆಯಿಂದ ತಂದ ಒಂದು ಕಪ್ಪು ಹಲಗೆ. ಎದುರಿಗೆ, ಅವರ ಮೂಗಿಗಿಂತ ಕೊಂಚ ಕೆಳಗೆ, ಒಂದು ಎತ್ತರದ ಮರದ ಬೀರುವಿನ ನೆತ್ತಿ. ಮುಂದುಗಡೆ ಕೆತ್ತನೆಯ ಹಲಗೆ ಎದ್ದಿದ್ದರಿಂದ ಕೆಳಗೆ ನಿಂತವರಿಗೆ ಆ ನೆತ್ತಿ ಕಾಣುವಂತಿರಲಿಲ್ಲ. ಅದರ ಹಿಂದೆ, ಹಳೇ ದಿಂಬಿನ ಚೀಲದಿಂದ ಅರ್ಧ ಹೊರಗೆ ಬಂದು, ಕತ್ತಿನ ಸುತ್ತ ಬಳ್ಳಿಯಿದ್ದ ಒಂದು ಬೆಳ್ಳಿ ಹೂಜಿ ಒರಗಿ ಕೂತಿತ್ತು.

ಸಾಹೇಬರು ಅದನ್ನು ನೋಡಿದರು. ಅದೂ ಅವರನ್ನು ನೋಡಿದಂತಿತ್ತು. ಮೊದಲು, ಹೆಂಡತಿಯ ಹೂಜಿ ಇಲ್ಲಿಗೆ ಹೇಗೆ ಬಂತು ಎಂದುಕೊಂಡರು. ಆಮೇಲೆ ಅದು ಹೊರಗೆ ಕುರ್ಚಿಯ ಮೇಲಿದೆ ಎಂಬುದು ನೆನಪಾಯಿತು. ಆಮೇಲೆ ಎಲ್ಲವೂ ಅರ್ಥವಾಯಿತು, ಬಹಳ ನಿಧಾನವಾಗಿ, ಬೆನ್ನ ಮೇಲೆ ಯಾರೋ ತಣ್ಣೀರು ಬಿಟ್ಟಂತೆ. ಕಳ್ಳತನವೇ ಆಗಿರಲಿಲ್ಲ. ದಫೇದಾರರು ಈ ಕೋಣೆಯನ್ನು ಎಷ್ಟು ಸಲ ಶೋಧಿಸಿದ್ದರು, ಬೀರುವಿನ ಕೆಳಗೆ, ಟ್ರಂಕಿನ ಕೆಳಗೆ, ಚಾಪೆಯ ಕೆಳಗೆ. ಹುಡುಕುವುದೆಂದರೆ ಬಗ್ಗುವುದು ಎಂದು ಠಾಣೆಯವರೆಲ್ಲ ಬಲವಾಗಿ ನಂಬಿದ್ದರು. ಯಾರೂ ತಲೆಯೆತ್ತಿರಲಿಲ್ಲ. ಹಾಗಾದರೆ ಬೆಕ್ಕು ಒಪ್ಪಿಕೊಂಡದ್ದು ಆಗದೇ ಇದ್ದ ಕಳ್ಳತನವನ್ನು. ತಾವು ವಶಪಡಿಸಿಕೊಂಡದ್ದು ಕಳುವಾಗದೇ ಇದ್ದ ಹೂಜಿಯನ್ನು, ಅದೂ ತಮ್ಮ ಮನೆಯಿಂದಲೇ. ಈ ಇಡೀ ಕೇಸಿನಲ್ಲಿ ನಿಜವಾಗಿ ಒಂದು ವಸ್ತುವನ್ನು ಅದರ ಜಾಗದಿಂದ ತೆಗೆದುಕೊಂಡು ಹೋದವನು ಒಬ್ಬನೇ. ಅವನು ಈಗ ಗವಾಕ್ಷಿಯಲ್ಲಿ ಸಿಕ್ಕಿಬಿದ್ದಿದ್ದ.

ಸುಮ್ಮನಿದ್ದುಬಿಟ್ಟರೆ? ಇದನ್ನು ನೋಡಿದ್ದು ತಲೆ ಮಾತ್ರ, ಹೊರಗಿರುವ ಕಾಲಿಗೆ ಗೊತ್ತಿಲ್ಲ. ಎಳೆದಾಗ ಹೊರಗೆ ಹೋಗಿ, ‘ಸಾಧ್ಯ ಇದೆ ಸರ್’ ಎಂದರಾಯಿತು. ಅವರು ಕಣ್ಣು ಮುಚ್ಚಿ ದೇವರನ್ನು ನೆನೆಯಲು ನೋಡಿದರು. ‘ದೇವರೇ’ ಎಂದರು. ಮುಂದಿನದು ಹೊಳೆಯಲಿಲ್ಲ. ನೌಕರಿಯ ಉದ್ದಕ್ಕೂ ಬರೆದ ಮಾತೇ ತಾನಾಗಿ ಬಂತು, ‘ತಮ್ಮ ಸನ್ನಿಧಾನದಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು. ಹೆಂಡತಿಯ ಪ್ರಾರ್ಥನೆ ಬಹಳ ಚಿಕ್ಕದಾಗಿತ್ತು. ಬೆಳಿಗ್ಗೆ ಎದ್ದು ಕೈಮುಗಿದು, ‘ಒಳ್ಳೆ ಬುದ್ಧಿ ಕೊಡಪ್ಪ’ ಎಂದು ಒಲೆಯ ಕಡೆ ಹೋಗುತ್ತಿದ್ದಳು. “ನನಗೂ ಒಂದಿಷ್ಟು ಕೇಳೇ,” ಎಂದು ಇವರು ಹಾಸಿಗೆಯಲ್ಲಿಂದಲೇ ರೇಗಿಸಿದರೆ, “ನಿಮಗೇ ಕೇಳ್ತಿರೋದು,” ಎನ್ನುತ್ತಿದ್ದಳು. ಕಾಯಿಲೆಯ ಕೊನೆಯ ದಿನಗಳಲ್ಲಿ ಅವಳ ಬೆಳ್ಳಿ ಹೂಜಿ ತಲೆಯ ಬಳಿ ಇರುತ್ತಿತ್ತು. ಒಂದು ಮಧ್ಯಾಹ್ನ ಅವಳು ನೀರು ಕೇಳಿದಾಗ ಸಾಹೇಬರು ಇದೇ ಮೇಲಧಿಕಾರಿಯ ಜೊತೆ ಫೋನಿನಲ್ಲಿದ್ದರು, ಯಾವುದೋ ರಸ್ತೆ ತಿರುವಿನಲ್ಲಿ ಎಷ್ಟು ಜನ ಪೇದೆಗಳನ್ನು ನಿಲ್ಲಿಸಬೇಕೆಂಬ ಮಾತು. ತಾಳು ಎಂದು ಬೆರಳೆತ್ತಿ ತೋರಿಸಿದರು. ಅವಳು ತಾಳಿದಳು. ಬೈಯಲಿಲ್ಲ, ಮುಖ ತಿರುಗಿಸಲಿಲ್ಲ, ಆ ಬೆರಳನ್ನೇ ನೋಡುತ್ತ ತಾಳಿದಳು. ನೀರು ಕೊಟ್ಟಾಗ, “ಪಾಪ, ಏನಂದ ಅವನು?” ಎಂದು ಕೇಳಿದಳು. ಹೂಜಿಯನ್ನು ಮನೆಯಿಂದ ಸಾಗಿಸಿದ್ದು ವರ್ಗಾವಣೆಯ ಭಯಕ್ಕೆ ಮಾತ್ರವಲ್ಲ. ಅದು ಕಪಾಟಿನ ಮೇಲಿದ್ದಷ್ಟು ದಿನವೂ ಆ ಬೆರಳು ಅವರ ಕಣ್ಣೆದುರು ಎತ್ತಿಕೊಂಡೇ ಇತ್ತು.

ಬಾಗಿಲು ಕಿರ್ರೆಂದಿತು. ಟೀಚರಮ್ಮ ಒಳಗೆ ಬಂದು ಬಾಗಿಲು ಮುಂದೆ ಮಾಡಿಕೊಂಡು, ತಲೆಯೆತ್ತಿ, ಗೋಡೆಯಿಂದ ಹೊರಬಂದಿದ್ದ ಸಾಹೇಬರನ್ನು ಕನ್ನಡಕದ ಮೇಲಿಂದ ನೋಡಿದರು.

“ನೋವಾಗ್ತಿದೆಯಾ?”

“ಇಲ್ಲಮ್ಮ. ಟೀಚರಮ್ಮ, ನಿಮ್ಮ ಹೂಜಿ ಇಲ್ಲೇ ಇದೆ.”

“ಗೊತ್ತು,” ಎಂದರು ಟೀಚರಮ್ಮ.

ಸಾಹೇಬರ ಬಾಯಿ ತೆರೆದುಕೊಂಡಿತು. ಆ ಭಂಗಿಯಲ್ಲಿ ಬಾಯಿ ಬಿಡುವುದಕ್ಕಿಂತ ಹೆಚ್ಚಿನದೇನನ್ನೂ ಮಾಡುವಂತಿರಲಿಲ್ಲ.

“ಅಕ್ಕನ ಮನೆಗೆ ಹೊರಡೋವಾಗ ಕಳ್ಳರ ಭಯಕ್ಕೆ ನಾನೇ ಅಲ್ಲಿಟ್ಟೆ. ಬಂದಮೇಲೆ ಪೂರ್ತಿ ಮರೆತುಹೋಯ್ತು. ನಿಮ್ಮ ಠಾಣೇಲಿ ಆ ಹೂಜಿ ನೋಡಿದಾಗ ನನ್ನದೇ ಅನ್ನಿಸ್ತು, ದೇವರಾಣೆ. ಮೊನ್ನೆ ಧೂಳು ಹೊಡೆಯೋವಾಗ ಸಿಕ್ತು. ಸಿಕ್ಕಿದ್ದು ಹೇಳೋಣ ಅಂದ್ರೆ, ಅಷ್ಟು ಜನರ ಮುಂದೆ ಅತ್ತಾಗಿತ್ತಲ್ಲ. ಅತ್ತಿದ್ದನ್ನ ವಾಪಸ್ ತಗೊಳ್ಳೋದು ಹೇಗೆ?” ಎಂದು ಅವರು ಟ್ರಂಕಿನ ಮೇಲೆ ಕೂತರು. “ನಲವತ್ತು ಮಕ್ಕಳ ಎದುರು ನಿಂತು ಎಂದೂ ತಪ್ಪು ಉತ್ತರ ಹೇಳಿದವಳಲ್ಲ ನಾನು. ಅದಕ್ಕೇ ಮತ್ತೆ ಅಲ್ಲೇ ಇಟ್ಟುಬಿಟ್ಟೆ. ಅಂದಹಾಗೆ, ಠಾಣೇಲಿದ್ದದ್ದು ಯಾರದು?”

“ನನ್ನ ಹೆಂಡತಿದು.”

ಟೀಚರಮ್ಮ ಕನ್ನಡಕ ತೆಗೆದರು. ಹೊರಗೆ ಯಾರೋ ಎಣ್ಣೆ ತರಲು ಓಡಿದರು.

“ಅದಕ್ಕೇ,” ಎಂದರು ಆಮೇಲೆ, “ಎತ್ತಿಕೊಂಡಾಗ ಅಷ್ಟು ಅಳು ಬಂತು.” ಸೆರಗಿನಿಂದ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. “ಈಗ ಏನ್ಮಾಡೋದು? ನಾನೂ ಹೇಳಲ್ಲ, ನೀವೂ ಹೇಳಬೇಡಿ. ನಿಮ್ಮದನ್ನ ಕೋರ್ಟಿಂದ ಬಂದಮೇಲೆ ಸದ್ದಿಲ್ಲದೆ ಮನೆಗೆ ಕಳಿಸ್ತೀನಿ. ಆ ಬೆಕ್ಕಿಗೆ ಏನು, ನಾಲ್ಕು ದಿನ ಇದ್ದು ಬರ್ತಾನೆ. ಅವನು ನನ್ನ ತರಗತೀಲೇ ಕೂತಿದ್ದ. ಕಿಟಕಿ ಗಾಜು ಯಾರೇ ಒಡೆಯಲಿ, ಎದ್ದು ನಿಂತು ‘ನಾನೇ ಟೀಚರ್’ ಅನ್ನೋನು. ಕೇಳಬೇಕಾಗೇ ಇರಲಿಲ್ಲ. ನನಗೂ ಅದೇ ಸಲೀಸಾಗಿತ್ತು.”

“ಈ ಸಲ ನಾಲ್ಕು ದಿನ ಅಲ್ಲಮ್ಮ. ಅವನು ಅಲ್ಲೇ ಸಾಯ್ತಾನೆ. ನಿಮ್ಮ ಅಕ್ಕನ ಮಗ ಹಾಗೆ ಬರೆಸ್ತಿದಾನೆ.”

“ಬೆಕ್ಕಿಗೆ ಗೊತ್ತಾ?”

“ಇಲ್ಲ. ಮಾವಿನ ಕಾಲಕ್ಕೆ ಬರ್ತೀನಿ ಅಂತಿದಾನೆ.”

ಈ ಮಾತನ್ನು ಸಾಹೇಬರು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ಹೇಳಿದ ಮೇಲೆ ಅದು ಆ ಸಣ್ಣ ಕೋಣೆಯಲ್ಲಿ ಡಬ್ಬಿಗಳ ನಡುವೆ ಹಾಗೇ ನಿಂತುಕೊಂಡಿತು. ಹಿಂದೆ, ಹೊರಗೆ, ಅವರ ಪಾದಗಳ ಕೆಳಗೆ ಏನೋ ಮೆತ್ತಗಿನದು ಬಂದು ಆಸರೆ ಕೊಟ್ಟಿತು. ಯಾರೋ ಏಣಿ ಹತ್ತಿ ಬಂದು ಅವರ ಕಾಲುಗಳನ್ನು ಹೆಗಲ ಮೇಲೆ ಹೊತ್ತುಕೊಂಡಿದ್ದರು. ಉಬ್ಬಸದ ಸದ್ದಿನಿಂದ ಅದು ಯಾರೆಂದು ತಿಳಿಯಿತು. “ಭಾರ ನನ್ನ ಮೇಲೆ ಬಿಡಿ ಸಾಹೇಬ್ರೇ,” ಎಂದು ಗೋಡೆಯಾಚೆಯಿಂದ ಬೆಕ್ಕು ಕೂಗಿದ, “ಸುಧಾರಿಸ್ಕೊಳ್ಳಿ, ಅವಸರ ಇಲ್ಲ.”

ಟೀಚರಮ್ಮ ಎದ್ದರು. ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಏದುಸಿರು ಬಿಡುತ್ತ ಹತ್ತಿ, ಬೀರುವಿನ ನೆತ್ತಿಯಿಂದ ಹೂಜಿಯನ್ನು ತೆಗೆದು ಸಾಹೇಬರ ಚಾಚಿದ ಕೈಗಳಲ್ಲಿಟ್ಟರು.

“ನೀವೇ ಹೊರಗೆ ತಂದು ಹೇಳಬಹುದಲ್ಲಮ್ಮ?”

“ನಾನು ಚಿಕ್ಕಮ್ಮ. ಅವನ ಮುಂದೆ ತಲೆ ಎತ್ತಿಕೊಂಡು ಓಡಾಡಬೇಕು. ನೀವು ಹೇಗೂ ಈ ಸ್ಥಿತಿಗೆ ಬಂದಿದೀರಿ.” ಸ್ಟೂಲಿನ ಮೇಲೆ ನಿಂತೇ ಅವರು ತಮ್ಮ ಹಳೇ ವಿದ್ಯಾರ್ಥಿಗಳಿಗೆ ಮಾಡುತ್ತಿದ್ದ ಹಾಗೆ ಸಾಹೇಬರ ತಲೆಯ ಮೇಲೆ ಮೆಲ್ಲಗೆ ತಟ್ಟಿದರು. “ಹೇಳಿ. ನನ್ನನ್ನ ಕರೆದ್ರೆ ಬಂದು ಹೌದು ಅಂತೀನಿ. ಮೊದಲನೇ ಮಾತು ಮಾತ್ರ ನಿಮ್ಮದಿರಲಿ.”

“ಉಸಿರು ಪೂರ್ತಿ ಬಿಟ್ಬಿಡಿ ಸಾಹೇಬ್ರೇ,” ಎಂದಿತು ಗೋಡೆಯಾಚೆಯ ದನಿ. ಸಾಹೇಬರು ಬಿಟ್ಟರು. ಎಷ್ಟೋ ದಿನದಿಂದ ಕಟ್ಟಿಕೊಂಡಿದ್ದೆಲ್ಲ ಬಂದಂತೆ ಅದು ಬಹಳ ಉದ್ದವಾಗಿ ಬಂತು. ಎಣ್ಣೆ ಸುರಿದರು, ಎಳೆದರು. ಸೊಂಟ ಹೊರಳಿತು, ಎದೆ ಉಜ್ಜಿಕೊಂಡು ಬಂತು, ಗಲ್ಲ ತರಚಿತು, ಕೊನೆಗೆ ಎರಡು ಚಾಚಿದ ಕೈಗಳು, ಕೈಗಳ ತುದಿಯಲ್ಲಿ ಬೆಳ್ಳಿ ಹೂಜಿ. ಮೊಬೈಲು ಹಿಡಿದಿದ್ದ ಪೇದೆ ತನ್ನ ಕೆಲಸದಲ್ಲಿ ನಿಷ್ಠೆಯುಳ್ಳವನು, ಎಲ್ಲವನ್ನೂ ತೆಗೆದ. ಸಾಮಾನಿನ ಕೋಣೆಯ ಗವಾಕ್ಷಿಯಿಂದ ಮೈಗೆ ಎಣ್ಣೆ ಮೆತ್ತಿಕೊಂಡು ಹೂಜಿಯ ಸಮೇತ ಹೊರಬರುವ ಕಳ್ಳನ ಚಿತ್ರ ಅದಕ್ಕಿಂತ ಸ್ಪಷ್ಟವಾಗಿ ಯಾವ ಠಾಣೆಯಲ್ಲೂ ಸಿಕ್ಕಿರಲಾರದು. ನೆಲ ಮುಟ್ಟಿದ ಕೂಡಲೇ ಸಾಹೇಬರ ಪ್ಯಾಂಟು ಜಾರತೊಡಗಿತು. ಎರಡೂ ಕೈಯಲ್ಲಿ ಹೂಜಿ ಇದ್ದದ್ದರಿಂದ ಬೆಕ್ಕು ಹಿಂದಿನಿಂದ ಬಂದು ಪ್ಯಾಂಟನ್ನು ಸೊಂಟದಲ್ಲೇ ಹಿಡಿದುಕೊಂಡು ನಿಂತ.

ಮೇಲಧಿಕಾರಿ ಕುರ್ಚಿಯ ಮೇಲಿದ್ದ ಹೂಜಿಯನ್ನು ನೋಡಿದ, ಸಾಹೇಬರ ಕೈಯಲ್ಲಿದ್ದ ಹೂಜಿಯನ್ನು ನೋಡಿದ. “ಇದೇನ್ರೀ ಎರಡು?” ಎಂದ.

“ಇದು ನಿಮ್ಮ ಚಿಕ್ಕಮ್ಮನವರದು ಸರ್. ಬೀರು ಮೇಲಿತ್ತು. ಕಳುವಾಗೇ ಇರಲಿಲ್ಲ. ಕುರ್ಚಿ ಮೇಲಿರೋದು ನನ್ನ ಹೆಂಡತಿದು. ನಾನೇ ಮನೆಯಿಂದ ತಂದು ಇಟ್ಟೆ. ಇವನಿಂದ ಸಿಕ್ತು ಅಂತ ಬರೆಸಿದ್ದು ಸುಳ್ಳು.”

ದಫೇದಾರರು ಕೈಯಲ್ಲಿದ್ದ ಟೋಪಿಯನ್ನು ತಿರುಗಿಸಿ ಅದರೊಳಗೆ ಏನೋ ಇದೆ ಎಂಬಂತೆ ನೋಡತೊಡಗಿದರು. ಎಲ್ಲರಿಗಿಂತ ಹೆಚ್ಚು ಕಕ್ಕಾಬಿಕ್ಕಿಯಾದವನು ಬೆಕ್ಕು. “ಹಾಗಾದ್ರೆ ನಾನು ಏನೂ ಕದ್ದಿಲ್ವಾ ಸಾಹೇಬ್ರೇ?” ಎಂದು ಹಿಂದಿನಿಂದ ಮೆಲ್ಲಗೆ ಕೇಳಿದ.

“ಇಲ್ಲ ಕಣೋ.”

ಅವನು ಮೇಲಧಿಕಾರಿಯ ಮುಖ ಕೆಂಪಾಗುತ್ತಿರುವುದನ್ನು ನೋಡಿದ, ಸಾಹೇಬರ ತರಚಿದ ಗಲ್ಲವನ್ನು ನೋಡಿದ. ಪ್ಯಾಂಟು ಬಿಡದೆಯೇ ಪಕ್ಕಕ್ಕೆ ತಲೆ ಹಾಕಿ ಹೇಳಿದ: “ಸಾರ್, ಸಾಹೇಬ್ರು ನನ್ನ ಮೇಲಿನ ಕರುಣೆಗೆ ಹೀಗಂತಿದಾರೆ. ಅವರ ಹೆಂಡ್ತಿ ಹೂಜಿನ ಅವರ ಮನೆಯಿಂದ ಕದ್ದವನು ನಾನೇ. ಬರ್ಕೊಳ್ಳಿ.”

ಮೇಲಧಿಕಾರಿಯ ಮುಖದಲ್ಲಿ ಒಂದು ಬೆಳಕು ಬಂತು. ದಾರಿ ಸಿಕ್ಕಿದವನ ಬೆಳಕು. ದಫೇದಾರರು ಆಗಲೇ ಜೇಬಿನಿಂದ ಪೆನ್ನು ತೆಗೆದಿದ್ದರು. ಠಾಣೆಯ ಮಾನ, ಚಿಕ್ಕಮ್ಮನ ಮಾನ, ಸಭೆಯ ವಿಡಿಯೋ, ಎಲ್ಲವೂ ಆ ಒಂದು ಮಾತಿನಲ್ಲಿ ಉಳಿಯುತ್ತಿತ್ತು. ಸಾಹೇಬರು ಹೂಂ ಎನ್ನಬೇಕಾಗಿಯೂ ಇರಲಿಲ್ಲ, ಸುಮ್ಮನಿದ್ದರೆ ಸಾಕಾಗಿತ್ತು. ಸುಮ್ಮನಿರುವುದು ಎಷ್ಟು ಸುಲಭವೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಇರಲಿಲ್ಲ.

“ಇವನು ಸುಳ್ಳು ಹೇಳ್ತಿದಾನೆ ಸರ್,” ಎಂದರು.

“ಸುಮ್ನಿರಿ ಸಾಹೇಬ್ರೇ,” ಎಂದು ಬೆಕ್ಕು ಕಿವಿಯ ಹತ್ತಿರ ಬೇಡಿಕೊಂಡ, “ನನಗೇನು, ಅಭ್ಯಾಸ ಇದೆ. ನಿಮ್ಮ ಮರ್ಯಾದೆ ಹೋಗತ್ತೆ.”

“ಹೋಗ್ಲಿ ಬಿಡೋ. ಈಗ ಪ್ಯಾಂಟೇ ಹೋಗ್ತಿದೆ.”

“ಅದನ್ನ ನಾನು ಹಿಡ್ಕೊಂಡಿದೀನಲ್ಲ,” ಎಂದ ಬೆಕ್ಕು.

“ಹಾಗಾದ್ರೆ ಗಟ್ಟಿಯಾಗಿ ಹಿಡ್ಕೊ,” ಎಂದು ಹೇಳಿ ಸಾಹೇಬರು ಮೇಲಧಿಕಾರಿಯ ಕಡೆ ತಿರುಗಿ, ಮೊದಲಿನಿಂದ ಹೇಳಲು ಶುರುಮಾಡಿದರು.